ಡಾಕ್ಟರ ಪರದೆ, ಹೊರಗಿನ ಟೀವಿ

ಜೂನ್ ೩, ಸೋಮವಾರ
ಕ್ಲಿನಿಕ್ ಬಾಗಿಲು ತೆಗೆದೆ. ಕಸ ಹೊಡೆದೆ. ಹನ್ನೊಂದು ಚೀಟಿ ಬರೆದೆ.

ಹಲ್ಲಿನ ಡಾಕ್ಟರಿಗೆ ಹೊಸ ಆಸೆ. ಕಂಪ್ಯೂಟರಿನ ಎಕ್ಸ್‌ರೇ ಚಿತ್ರ ಕುರ್ಚಿಯಲ್ಲಿ ಮಲಗಿದವರಿಗೂ ಎದುರಿನ ಟೀವಿಯಲ್ಲಿ ಕಾಣಬೇಕಂತೆ. "ಸ್ಪ್ಲಿಟರ್ ಅಂತ ಬರುತ್ತೆ, ತಂದುಬಿಡಿ ಅಮ್ಮಾ."

ಅಂಗಡಿಯವನು ಕೇಳಿದ: "ಸ್ಪ್ಲಿಟರ್ರೋ, ಸ್ವಿಚ್ಚೋ?"

ಎರಡೂ ಒಂದೇ ಅಲ್ಲವಂತೆ. ಮೂರು ಕಂಪ್ಯೂಟರಿಗೆ ಒಂದೇ ಟೀವಿ ಇದ್ದರೆ ಸ್ವಿಚ್. ಒಂದೇ ಕಂಪ್ಯೂಟರಿಗೆ ಮೂರು ಟೀವಿ ಇದ್ದರೆ ಸ್ಪ್ಲಿಟರ್. "ಒಬ್ರು ಮಾತಾಡ್ತಾರೆ, ನಾಲ್ಕು ಜನ ಅದನ್ನೇ ಕೇಳ್ತಾರೆ. ಅಷ್ಟೇ ಅಕ್ಕಾ."

ನಮ್ಮತ್ತೆ ಇದ್ದಹಾಗೆ. ಸ್ಪ್ಲಿಟರ್ರೇ ಕೊಡಿ ಎಂದೆ.

ಜೂನ್ ೪
ಸಿಕ್ಕಿಸಿ ಆಯಿತು. ಡಾಕ್ಟರ ಮೇಜಿಗೊಂದು, ಕುರ್ಚಿಯ ಟೀವಿಗೊಂದು. ಎರಡು ತೂತು ಖಾಲಿ. ಹೊರಗೆ ಕಾಯುವ ಕೋಣೆಯ ಟೀವಿ ಮೂರು ತಿಂಗಳಿಂದ ಮೂಕ. ಡಾಕ್ಟರು ತೋರಿಸುವ ಹಲ್ಲುಜ್ಜುವ ವಿಡಿಯೊ ಕಾಯುವವರೂ ನೋಡಲಿ ಎಂದು ಗೋಡೆ ದಾಟಿಸಿ ಅದಕ್ಕೂ ವೈರ್ ಎಳೆದೆ. ಡಾಕ್ಟರು ಹೊರಟುಹೋಗಿದ್ದರು. ನಾಳೆ ಹೇಳಿದರಾಯಿತು.

ಜೂನ್ ೬
ಹೇಳಲು ಮರೆತೆ.

"ಹತ್ತು ನಿಮಿಷ ಯಾರನ್ನೂ ಬಿಡಬೇಡಿ, ಉಪಕರಣ ಕುದೀತಿದೆ" ಎಂದು ಡಾಕ್ಟರು ಬಾಗಿಲು ಹಾಕಿಕೊಂಡರು. ಹೊರಗಿನ ಟೀವಿಯಲ್ಲಿ ಅವರ ಕಂಪ್ಯೂಟರಿನ ಇಸ್ಪೀಟಾಟ ಶುರುವಾಯಿತು…

ಬುಡ ಅಲ್ಲಾಡುವ ಹಲ್ಲಿನ ರಿಟೈರ್ಡ್ ಮೇಷ್ಟ್ರು ಚಡಪಡಿಸಿದರು. "ಕಪ್ಪು ಹತ್ತನ್ನ ಕೆಂಪು ಗುಲಾಮನ ಮೇಲೆ ಇಡಬಾರ್ದಾ ಈ ಮನುಷ್ಯ?"

ಕೆನ್ನೆ ಊದಿದ ಹೆಂಗಸು ನೋವು ಮರೆತು ಮುಂದಕ್ಕೆ ಬಗ್ಗಿದರು. ತಡವಾಯಿತೆಂದು ಯಾರೂ ನನ್ನ ಮೇಲೆ ರೇಗಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಹೇಳಬೇಕು. ಆದರೆ ಇಷ್ಟು ನೆಮ್ಮದಿ…

ಜೂನ್ ೧೨
ಡಾಕ್ಟರು ಗೆದ್ದರು. ಹೊರಗೆ ಚಪ್ಪಾಳೆ. "ಏನದು ಸದ್ದು?" ಎಂದರು. "ಯಾರಿಗೋ ನೋವು ಕಡಿಮೆಯಾಯ್ತಂತೆ ಸಾರ್."

ಜೂನ್ ೧೪, ಮಧ್ಯಾಹ್ನ
ರಾತ್ರಿವರೆಗೆ ಕಾಯಲಾರೆ, ಈಗಲೇ ಬರೆಯುತ್ತೇನೆ.

ಟೀವಿಯಲ್ಲಿ ಒಂದೊಂದೇ ಅಕ್ಷರ ಮೂಡಿತು: ಬೇಕಾಗಿದ್ದಾರೆ — ಹಲ್ಲಿನ ಕ್ಲಿನಿಕ್ಕಿಗೆ ಚುರುಕಾದ ಸಹಾಯಕಿ. ವಯಸ್ಸು ಮೂವತ್ತರೊಳಗೆ.

ನನಗೆ ನಲವತ್ತಾರು.

ಒಂಬತ್ತು ಜನ ಓದಿದರು. ಒಂಬತ್ತೂ ಜನ ನನ್ನತ್ತ ತಿರುಗಿದರು. ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. "ಮುಂದಿನ ಚೀಟಿ ಯಾರದು?" ಎಂದೆ. ಯಾರೂ ಏಳಲಿಲ್ಲ.

"ನೀವು ಹೋದ್ರೆ ನಾನು ಈ ಹಲ್ಲು ಹೀಗೇ ಇಟ್ಕೋತೀನಿ," ಎಂದರು ಊದಿದ ಕೆನ್ನೆಯವರು.

ಮೇಷ್ಟ್ರು ಸೀದಾ ಒಳಗೆ ನುಗ್ಗಿದರು. "ಡಾಕ್ಟ್ರೇ, ಇರೋರು ಚುರುಕಾಗೇ ಇದ್ದಾರೆ. ಆ ಪದ ಅಳಿಸಿ."

ಡಾಕ್ಟರು ಹೊರಬಂದರು. ಟೀವಿ ನೋಡಿದರು. ನನ್ನನ್ನು ನೋಡಿದರು.

"ಎಷ್ಟು ದಿನದಿಂದ?"

"ಹತ್ತು ದಿನ ಸಾರ್."

"ಹಾಗಾದ್ರೆ… ಇಸ್ಪೀಟೂ?"

"ಕಂಡಿದೆ ಸಾರ್. ನನ್ನನ್ನ ಬಿಡಿಸೋದಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು."

ಅವರ ಕಿವಿ ಕೆಂಪಾಯಿತು. "ಬಿಡಿಸೋದಾ? ಮಂಡಿನೋವು ಅಂದಿದ್ರಲ್ಲ, ನಿಮ್ಮ ಕೈಸಹಾಯಕ್ಕೊಬ್ಬರು ಇರ್ಲಿ ಅಂತ…"

ನಿಜವೋ, ಹದಿನೆಂಟು ಕಣ್ಣು ಕಂಡು ಹೊಳೆದದ್ದೋ, ದೇವರೇ ಬಲ್ಲ.

ಜೂನ್ ೧೭, ಬೆಳಿಗ್ಗೆ ೧೧
ಕೌಂಟರಿನಲ್ಲೇ ಬರೆಯುತ್ತಿದ್ದೇನೆ. ವೈರ್ ಕೀಳಲು ಹೋದೆ. ಡಾಕ್ಟರು ತಡೆದರು. "ಇವತ್ತೊಂದಿನ ಇರ್ಲಿ. ಎಲ್ಲರೂ ನೋಡ್ಲಿ."

ಹೊಸದಾಗಿ ಟೈಪ್ ಮಾಡುತ್ತಿದ್ದಾರೆ: ನಮ್ಮ ಹಿರಿಯ ಸಹಾಯಕಿಯ ಕೈಕೆಳಗೆ ಕೆಲಸ ಕಲಿಯಲು ಒಬ್ಬರು ಬೇಕಾಗಿದ್ದಾರೆ.

ಮೇಷ್ಟ್ರು ಕನ್ನಡಕ ಏರಿಸಿದರು. "ಹಿರಿಯ ಅಂತ ಹಾಕಿದ್ದಾರೆ, ನೋಡಿದ್ರಾ?"

ನೋಡಿದೆ. ಅಕ್ಷರ ಮಂಜಾಗಿ ಕಂಡಿತು, ಟೀವಿಯ ತಪ್ಪಲ್ಲ.

ಒಳಗಿನಿಂದ ಕೂಗು: "ಅಮ್ಮಾ, ವಯಸ್ಸು ಎಷ್ಟು ಅಂತ ಹಾಕೋಣ?"

ನಾನು ಹೇಳುವ ಮೊದಲೇ ಹೊರಗಿದ್ದ ಅಷ್ಟೂ ಜನ ಒಟ್ಟಿಗೆ ಬಾಯಿ ಹಾಕಿದರು: "ವಯಸ್ಸೂ ಅಳಿಸಿ ಡಾಕ್ಟ್ರೇ!"