ಜಗಳದ ತರಗತಿಯ ಕೊನೆಯ ಪರೀಕ್ಷೆ

ಹಾಸ್ಟೆಲಿನ ಲಾಂಡ್ರಿ ಕೋಣೆ,
ಮಾರ್ಚ್ ೧೨, ಮಂಗಳವಾರ

ನನ್ನ ಪುಟ್ಟಿಗೆ,

ನಿನ್ನ ಅಮ್ಮನ ಪ್ರೀತಿ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ಬರೆದಿಲ್ಲವೆಂದು ಬೈಯಬೇಡ. ಅಲ್ಲ, ಬೈಯಿ. ಬೈಸಿಕೊಳ್ಳುವುದನ್ನೂ ಈಗ ಕಲಿಯುತ್ತಿದ್ದೇನೆ, ಅದೂ ಕಾಲೇಜಿನಲ್ಲಿ.

ನಗಬೇಡ. ಇಪ್ಪತ್ತೆರಡು ವರ್ಷ ಇಲ್ಲಿನ ಹುಡುಗರ ಅಂಗಿಗೆ ಇಸ್ತ್ರಿ ಹಾಕಿದವಳು ಈಗ ಊಟದ ಬಿಡುವಿನಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತೇನೆ. ಕೆಲಸದವರೂ ಊರಿನವರೂ ವರ್ಷಕ್ಕೊಂದು ವಿಷಯ ಓದಬಹುದು ಅಂತ ಈ ಸಲ ನೋಟಿಸ್ ಹಾಕಿದರು. ಇಲ್ಲಿ ಮರ ಹತ್ತುವುದಕ್ಕೆ ಒಂದು ಕೋರ್ಸು, ಗಾಳಿಪಟಕ್ಕೆ ಒಂದು, ಸುಮ್ಮನೆ ನಡೆಯುವುದಕ್ಕೂ ಒಂದು! ನಾನು ಸೇರಿದ್ದು ‘ಜಗಳವಾಡುವ ಕಲೆ’ಗೆ. ಸುದ್ದಿ ಕೇಳಿ ನಿನ್ನ ಅಪ್ಪ, “ಹೆಂಗಸರಿಗೆ ಜಗಳ ಕಲಿಸೋಕೆ ಕಾಲೇಜು ಬೇರೆ ಕೇಡಾ? ಮೀನಿಗೆ ಯಾರಾದ್ರೂ ಈಜು ಕಲಿಸ್ತಾರಾ?” ಅಂದರು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರಿಗೆ ನಾನು ಒಂದೂ ಎದುರುಮಾತು ಆಡಿಲ್ಲ. ಅದೂ ಅವರ ಗಮನಕ್ಕೆ ಬಂದಿಲ್ಲ ನೋಡು.

ಪಾಠ ಮಾಡುವ ಮೇಡಂ ನಿನಗಿಂತ ಚಿಕ್ಕವರು. ಅವರ ಜಗಳಕ್ಕೂ ನಿಯಮ ಉಂಟು: ಕೂಗಬಾರದು, ಅಳಬಾರದು, ಅರ್ಧಕ್ಕೆ ಎದ್ದು ಹೋಗಬಾರದು. ಎದುರಿನವರ ಮಾತನ್ನು ಮೊದಲು ಅವರಿಗೇ ತಿರುಗಿ ಹೇಳಿ, ಆಮೇಲೆ ನಮ್ಮದು ಹೇಳಬೇಕು. ಮೊದಲ ದಿನ ನನ್ನ ಎದುರಾಳಿ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಕಿಟಕಿ ತೆರೆದಿರಬೇಕೋ ಮುಚ್ಚಬೇಕೋ, ಅದೇ ಜಗಳ. ಅವರು ಎರಡು ಮಾತಾಡುವಷ್ಟರಲ್ಲಿ ನಾನು “ನೀವು ಹೇಳೋದೇ ಸರಿ ಬಿಡಿ” ಅಂತ ಹೋಗಿ ಕಿಟಕಿ ಮುಚ್ಚಿ ಬಂದೆ. ಸೊನ್ನೆ ಬಿತ್ತು. “ಏನಮ್ಮಾ, ಬಸ್ಸು ಹೊರಡೋಕೆ ಮುಂಚೇನೇ ಇಳಿದುಬಿಟ್ರಲ್ಲಾ!” ಅಂತ ಕಂಡಕ್ಟರಿಗೂ ಬೇಜಾರು.

ಮೇಡಂ ಹತ್ತಿರ ಕರೆದು, “ಅಮ್ಮಾ, ನೀವು ಸುಮ್ಮನಾದಾಗೆಲ್ಲ ಇನ್ನೊಬ್ಬರು ಒಂಟಿ ಆಗ್ತಾರೆ” ಅಂದರು. ಆ ಮಾತು ಎದೆಗೆ ನಾಟಿತು. ಅವತ್ತು ಯಾರದೋ ಅಂಗಿಯ ಕಾಲರ್ ಸುಟ್ಟೆ.

ಅಲ್ಲಿಂದ ಛಲ ಹಿಡಿಯಿತು. ಹೋದ ವಾರ ಕಂಡಕ್ಟರ ಜೊತೆ ಮುಕ್ಕಾಲು ಗಂಟೆ ಕಿತ್ತಾಡಿದೆ. ಅವರೇ ನೀರು ಕೇಳಿದರು.

ಇದೇ ಮೂವತ್ತಕ್ಕೆ ಪರೀಕ್ಷೆ. ಯಾರ ಜೊತೆಗಿನ ಜಗಳ ಆಡದೇ ಉಳಿದಿದೆಯೋ ಅವರನ್ನೇ ಕರೆತಂದು ಅರ್ಧ ಗಂಟೆ ಎದುರು ಕೂರಬೇಕು. ತಾನೇ ಇರಬೇಕು ಅಂತ ನಿನ್ನ ಅಪ್ಪ ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟರು. “ನೀವಲ್ಲ” ಅಂದೆ. ಮುಖ ಹುಳ್ಳಗೆ ಮಾಡಿಕೊಂಡರು.

ನಿನ್ನ ಹೆಸರು ಬರೆಸಿದ್ದೇನೆ. ನೀನು ಬರದಿದ್ದರೆ ನಾನು ಫೇಲು. ಆದರೆ ಮುಂದಿನ ವರ್ಷ ಮತ್ತೆ ಕೂರುತ್ತೇನೆ, ಅದರ ಮುಂದಿನ ವರ್ಷವೂ. ಬಿಡುವವಳಲ್ಲ ನಾನು.

ನೀನು, ಅಳಿಯಂದಿರು, ಮಗು ತಣ್ಣಗಿರಿ. ನಿಮ್ಮ ಮನೆಯಲ್ಲಿ ಮಾತಿಗೆ ಬರ ಬಾರದಿರಲಿ.

ನಿನ್ನ
ಅಮ್ಮ

ಮರೆತು ಬಿಟ್ಟದ್ದಲ್ಲ ಇದು, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ನಿನಗೆ ಹದಿನೆಂಟಾಗಿದ್ದಾಗ ಇದೇ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಅಂತ ಕಾಗದ ಬಂತು. “ಓದಿದ್ದು ಸಾಕು” ಅಂತ ನಿನ್ನ ಅಪ್ಪ ಅದನ್ನು ಹರಿದರು. ನೀನು ಅವರನ್ನು ನೋಡಲಿಲ್ಲ, ನನ್ನ ಮುಖ ನೋಡಿದೆ. ನಾನು ತಲೆ ತಗ್ಗಿಸಿ ಬಟ್ಟೆ ಮಡಿಸಿದೆ. ಅಂದಿನಿಂದ ನೀನು ಪ್ರತಿ ಕಾಗದದಲ್ಲೂ ನನ್ನ ಮಂಡಿನೋವು ಹೇಗಿದೆ ಅಂತ ಕೇಳುತ್ತೀಯ. ಅವತ್ತು ಯಾಕೆ ಬಾಯಿ ಬಿಡಲಿಲ್ಲ ಅಂತ ಒಂದು ಸಲವೂ ಕೇಳಿಲ್ಲ. ಬಂದು ಕೇಳು, ಪುಟ್ಟಿ.