ಸುಂದರನ ಮದುವೆಗೆ ವನಜಾ ಹೊಲಿಯುವ ರವಿಕೆ

ತಮ್ಮಾ ಸುಂದರ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ತುರುಕಿದ್ದು ನನ್ನ ಮೊಮ್ಮಗಳು. ನಿನ್ನ ಫೋಟೋದ ಎದುರು ನಿಂತು ಬೈಯುತ್ತಿದ್ದೆ. "ಅಜ್ಜಿ, ಚಿಲ್ಲಾವೋ ಮತ್, ಪಕ್ಕದ ಫ್ಲ್ಯಾಟಿನವರು ಕೇಳ್ತಾರೆ. ಲಿಖ್ ಡಾಲೋ ನಾ" ಅಂದಳು. ಸರಿ, ಬರೆದೇ ಬೈಯುತ್ತೇನೆ.

ಹೆಣ್ಣು ಕೇಳಲು ಹೋದಾಗ ವನಜಾಳ ಅಪ್ಪ "ಎರಡೂ ಮನೆಯ ಬಳಿ ಒಂದೇ, ಒಂದೇ ಗೋತ್ರ ಇದ್ದ ಹಾಗೆ, ನೀವು ಅಣ್ಣ ತಂಗಿ ಲೆಕ್ಕ" ಎಂದು ನಿನ್ನ ಮುಖಕ್ಕೆ ಬಾಗಿಲು ಹಾಕಿದ ದಿನ ನೆನಪಿದೆಯಾ? ನೀನು ಅಲ್ಲಿಂದ ನೇರ ಬಾರಿಗೆ ಹೋದೆ. ಮತ್ತೆ ಎದ್ದು ಬಂದದ್ದು ಯಾವಾಗ? ಕಲ್ಯಾಣದ ಹೋಟೆಲಿನ ಗಲ್ಲಾದ ಕೆಲಸ ಹೋಯಿತು, ಗಡ್ಡ ಬಂತು. ನಾವಿದ್ದ ಚಾಳಿನ ಗಂಡಸರು ಸಮಾಧಾನ ಹೇಳಲು ಬಂದು ನಿನ್ನ ಜೊತೆಗೇ ಕುಡಿದು ಹೋದರು. ವಾಂತಿ ಒರೆಸಿದವಳು ಅಮ್ಮ. ಕೊನೆಗೆ ಲಿವರ್ ಹೋಯಿತು, ನೀನೂ ಹೋದೆ. "ಪಾಪ, ಪ್ರೀತಿ ಮಾಡಿ ಹಾಳಾದ" ಎಂದು ಊರೆಲ್ಲ ಅತ್ತಿತು.

ವನಜಾ, ಅಪ್ಪ ಬಾಗಿಲು ಹಾಕಿದ ಮರುದಿನ ಬೆಳಿಗ್ಗೆ, ಎಂದಿನ ಲೋಕಲ್ ರೈಲು ಹಿಡಿದು ವಾಗ್ಳೆ ಎಸ್ಟೇಟಿನ ಗಾರ್ಮೆಂಟ್ ಫ್ಯಾಕ್ಟರಿಗೆ ಹೋದಳು. "ಏನು ಕಲ್ಲು ಮಾರಾಯ್ತಿ ಅವಳು!" ಎಂದವರು ಹೆಂಗಸರೇ. ಹೋಗದೆ ಏನು ಮಾಡಬೇಕಿತ್ತು? ಆ ವರ್ಷ ಅವಳ ಕೂದಲು ಹಿಡಿ ಹಿಡಿಯಾಗಿ ಉದುರಿತು. ಚೌರಿ ಸೇರಿಸಿ ಜಡೆ ಹಾಕಿಕೊಂಡು ಹೋಗುತ್ತಿದ್ದಳು. ಅದು ಯಾರಿಗೆ ಕಂಡಿತು? ನಿನ್ನ ಗಡ್ಡ ಮಾತ್ರ ಎಲ್ಲರಿಗೂ ಕಂಡಿತು.

ಈಗ ಸುದ್ದಿ ಕೇಳು. ನೀನು ಸತ್ತ ಮೇಲೆ ನಮ್ಮ ಸಣ್ಣ ತಮ್ಮನ ಮದುವೆಯಾಯಿತು, ಹೆಂಡತಿ ಸುಜಾತ. ಅವರ ಮಗನಿಗೆ ಎಲ್ಲೂ ಸಂಬಂಧ ಕೂಡುತ್ತಿಲ್ಲ. ಮದುವೆಯಾಗದೆ ಸತ್ತವನು ಮನೆಯಲ್ಲಿದ್ದಾನೆ, ಅವನಿಗೆ ಕುಲೆ ಮದುವೆ, ಅಂದರೆ ಸತ್ತವರಿಗೆ ಸತ್ತವರ ಜೊತೆ ಮದುವೆ, ಮಾಡಿಸಿ ಎಂದರು ಊರಿನ ಜೋಯಿಸರು. ನಿನ್ನಂತೆಯೇ ಮದುವೆಗೆ ಮುಂಚೆ ತೀರಿಹೋದ ಒಂದು ಹುಡುಗಿಯೂ ಸಿಕ್ಕಿದ್ದಾಳೆ. ಅವಳ ಹೆಸರಿನಲ್ಲಿ ಕುರ್ಚಿಯ ಮೇಲಿಡುವ ಸೀರೆಗೆ ರವಿಕೆ ಬೇಕಿತ್ತು. ಊರಿನವರ ಅಂಗಡಿ, ತುಳು ಮಾತಾಡುತ್ತಾರೆ ಎಂದು ಸುಜಾತ ವಿಠ್ಠಲವಾಡಿಯಲ್ಲಿ ಒಂದು ಟೈಲರ್ ಅಂಗಡಿಗೆ ನುಗ್ಗಿದಳು. ಅದು ವನಜಾಳ ಅಂಗಡಿ. ಮಂಡಿನೋವಿನ ನಾನು ಹಿಂದೆ ಹಿಂದೆ ಹೋಗಿ ಮುಟ್ಟುವಾಗ ಅರ್ಧ ಮಾತು ಮುಗಿದಿತ್ತು.

"ಅಂದಾಜಿಗೆ ಹೊಲೀರಿ ಅಕ್ಕ, ಹುಡುಗಿ ತೀರಿಹೋದವಳು. ಗಂಡು ನಮ್ಮ ಭಾವ, ಸುಂದರ ಅಂತ. ಯಾರೋ ಕೈ ಕೊಟ್ಳಂತೆ, ಕುಡಿದು ಕುಡಿದು ಹೋದ್ರು."

ವನಜಾ ಟೇಪು ಕೆಳಗಿಟ್ಟಳು. "ಕೈ ಕೊಟ್ಟದ್ದಾ? ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರಲ್ಲ."

ನನ್ನ ಬಾಯಿ ನಿನಗೆ ಗೊತ್ತು. ಸುಜಾತಳಿಗೆ ಅಲ್ಲೇ ಮಂಗಳಾರತಿ ಮಾಡಿದೆ. "ಬೈಬೇಡಿ ಅಕ್ಕ, ಅವಳಿಗೆಂತ ಗೊತ್ತು? ಹೊಲಿದು ಕೊಡ್ತೇನೆ" ಎಂದು ವನಜಾಳೇ ತಡೆದಳು. ಸುಜಾತ ಹೊರಗೆ ಹೋದ ಮೇಲೆ ನಿನ್ನ ಬಗ್ಗೆ ಕೇಳಿದಳು, "ಅವನು ಒಪ್ಪಿದನಾ?"

ಡೊಂಬಿವಲಿಯಲ್ಲಿ ಕ್ಯಾಂಟೀನ್ ನಡೆಸುವವರೊಬ್ಬರು ಇಷ್ಟು ವರ್ಷ ಒಂಟಿಯಾಗಿದ್ದ ವನಜಾಳನ್ನು ಮದುವೆಗೆ ಕೇಳಿದ್ದಾರೆ, ಹೆಂಡತಿ ಇಲ್ಲದವರು. ಇವಳಿಗೂ ಮನಸ್ಸಿದೆ. ಆದರೆ "ಮೊದಲು ಅವನದ್ದು ಆಗ್ಲಿ ಅಕ್ಕ. ಬಿಟ್ಟು ಹೋದವಳು ಅಂತ ಇನ್ನೊಮ್ಮೆ ಕೇಳ್ಲಿಕ್ಕೆ ನನ್ನ ಹತ್ರ ಆಗುದಿಲ್ಲ" ಎಂದಳು. ಬಿಟ್ಟು ಹೋದವನು ಯಾರು ಮಾರಾಯ?

ಕಾಮೋಠೆಯ ನಮ್ಮ ಟೆರೇಸಿನಲ್ಲಿ ನಿನಗೆ ಊಟದ ಎಲೆ ಇಟ್ಟು ಒಪ್ಪಿಗೆ ಕೇಳಿದೆವು. ಪಾರಿವಾಳ ತಿಂದಿತು, ಕಾಗೆ ಮುಟ್ಟಲಿಲ್ಲ. ಸುಂದರನಿಗೆ ಮನಸ್ಸಿಲ್ಲ ಎಂದು ಮದುವೆ ನಿಲ್ಲಿಸಿ ಕೂತಿದ್ದಾರೆ. ಸತ್ತವನ ಮನಸ್ಸಿಗೆ ಇಷ್ಟು ಮರ್ಯಾದೆ! ಬದುಕಿರುವವಳ ಮನಸ್ಸನ್ನು ಒಬ್ಬರಾದರೂ...

ನಿನ್ನ ಮುನಿಸು ಸಾಕು. ಆಟಿ ತಿಂಗಳ ಅಮಾವಾಸ್ಯೆಯ ದಿನ ಮತ್ತೊಮ್ಮೆ ಎಲೆ ಇಡುತ್ತೇನೆ. ಅಂದು ಮಧ್ಯಾಹ್ನದೊಳಗೆ ಬಂದು ಉಂಡು, ಹೂಂ ಅನ್ನು.

ನಿನ್ನ ಅಕ್ಕ