ಮೂರು ಸಾಲೋ, ನಾಲ್ಕೋ

ಸೆಂಡಾಯ್, ಆಗಸ್ಟ್ 30, 2021

ಪ್ರೀತಿಯ ಅತ್ತೆ,

ಬರೆಯುವುದು ಬೇಡವೆಂದುಕೊಂಡಿದ್ದೆ: ನಿನ್ನೆ ಬೆಟ್ಟದಲ್ಲಿ ನೀವು ಚಿತ್ರ ಬಿಡಿಸಿ ಹೆಸರು ಕೇಳಿದ ಹೂವಿನ ಮೇಲೇ ಸಿಟ್ಟು ಬಂತು. ಅದೇ ಹಳದಿ ಹೂಗೊಂಚಲಿನ ಗೋಲ್ಡನ್‌ರಾಡ್ ಸಿಕ್ಕಿತು. ಹೂವಿನ ಬುಡದ ಹಸಿರು ಎಸಳು ಮೂರು ಸಾಲಿದ್ದರೆ ಬೆಟ್ಟದ್ದು, ನಾಲ್ಕಿದ್ದರೆ ಬಯಲಿನದು ಎಂದಿದ್ದಿರಲ್ಲ, ಎಣಿಸುವುದು ಹೇಗೆ? ಕೀಳುವಂತಿಲ್ಲ, ಮಾಸ್ಕಿನಿಂದ ಕನ್ನಡಕವೆಲ್ಲ ಮಂಜು. ಕಾಲುದಾರಿಯಲ್ಲೇ ಬೋರಲು ಮಲಗಿದೆ. ಹಿಂದೆ ಬಂದ ಜಪಾನಿನವರು ದಾಟಿಹೋಗದೆ, ಅಂತರ ಬಿಟ್ಟು ಒಬ್ಬರ ಹಿಂದೊಬ್ಬರು ನಿಂತರು. ಹೋಗಿ ಎಂದರೆ ಬಾಗಿ "ಸುಮಿಮಾಸೆನ್", ಕ್ಷಮಿಸಿ, ಎನ್ನುತ್ತಾರೆ, ಕದಲುವುದಿಲ್ಲ! "ಅಮ್ಮಾ, ಗೆಟ್ ಅಪ್! ಫೋನಿನ ಆ್ಯಪ್ ಹೆಸರು ಹೇಳ್ತಲ್ಲ, ಸಾಕು" ಎಂದಳು ಮಗಳು ಸಿಂಧೂರಾ. ಎಣಿಸದೆ ಎದ್ದುಬಿಟ್ಟೆ. ಸಂಕೋಚವೋ, ಹೇಡಿತನವೋ?

ಎರಡನೇ ಲಸಿಕೆಯಾಯಿತು, ತೋಳುನೋವು ಅಷ್ಟೆ.

ನೀವು ಬಿಡಿಸಿದ ಚಿತ್ರಕ್ಕೆ ಊಹೆಯ ಹೆಸರು ಕೊಡಲಾರೆ. ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹತ್ತಿ ಎಣಿಸುತ್ತೇನೆ. ಈ ಕಾರ್ಡಿನ ಕೆಳಗೆ ಜಾಗ ಬಿಟ್ಟಿದ್ದೇನೆ. ಸಂಖ್ಯೆ ತುಂಬಿದ ಮೇಲೇ ಕಾರ್ಡು ಅಂಚೆಗೆ, ಸೆಪ್ಟೆಂಬರ್ 6ರಂದು.